ಅರಿಷಿಣವಿಲ್ಲದ ಲಗ್ನಪತ್ರಿಕೆ

ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಷಿಣ ಹಚ್ಚುವ ಪದ್ಧತಿಯಿಂದ ಬೆರಳು ಹಳದಿಯಾಗುವುದನ್ನು ಬಿಟ್ಟರೆ ಅನ್ಯ ಪ್ರಯೋಜನವಿಲ್ಲವೆಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಮಾನ್ವಿಯಲ್ಲಿ ನಾನು ಎರಡು ಕಾರಣಕ್ಕೆ ಪ್ರಸಿದ್ಧ: ಬಸ್ ಕಂಡಕ್ಟರನಿಂದ ಹಿಡಿದು ಅಕ್ಕಿ ಗಿರಣಿಯ ಸಾಹುಕಾರರವರೆಗೆ ಎಲ್ಲರ ದನಿಯನ್ನೂ ಅಣಕಿಸುತ್ತೇನೆ; ನನ್ನ ಲ್ಯಾಪ್‌ಟಾಪಿನಲ್ಲಿರುವುದು ವೈರಸ್ ಹತ್ತಿರ ಸುಳಿಯದ ಲಿನಕ್ಸ್ ಎಂದು ಕೇಳದವರಿಗೂ ಹೇಳುತ್ತೇನೆ. ಗೆಳೆಯರ ವಿಂಡೋಸಿಗೆ ವೈರಸ್ ತಗುಲಿದಾಗಲೆಲ್ಲ ನೆಗಡಿಯಾದ ಕಂಪ್ಯೂಟರಿನಂತೆ ಸೀನಿ ತೋರಿಸಿದ್ದೇನೆ.

ಇಂಥ ಮಹಾಪಂಡಿತನ ಫೋನಿಗೆ ಒಂದು ಮಧ್ಯಾಹ್ನ ಪರಿಚಿತರ ನಂಬರಿನಿಂದ ಲಗ್ನಪತ್ರಿಕೆ ಬಂತು. ಅದು ಚಿತ್ರವಲ್ಲ, ಆ್ಯಪ್. ಅಪಾಯವಿದೆ, ಹಾಕಲೇ ಎಂದು ಫೋನು ವಿನಯದಿಂದ ಕೇಳಿತು. ಊಟದ ಧ್ಯಾನದಲ್ಲಿದ್ದ ನಾನು ಎಲ್ಲಕ್ಕೂ 'ಆಗಲಿ' ಎಂದೊತ್ತಿದೆ. ಆಂಡ್ರಾಯ್ಡಿನ ಹೊಟ್ಟೆಯೊಳಗಿರುವುದೂ ಅದೇ ಲಿನಕ್ಸ್. ಆದರೆ ಯಜಮಾನನೇ ಕದ ತೆರೆದು 'ಬರ್ರಿ' ಎಂದ ಮೇಲೆ ಕಾವಲುಗಾರ ಏನು ಮಾಡಿಯಾನು, ನೀವೇ ಹೇಳಿ. ಮರುಕ್ಷಣವೇ ಆ ಪತ್ರಿಕೆ ನನ್ನ ಹೆಸರಿನಲ್ಲಿ ಬಂಧುಬಳಗಕ್ಕೆಲ್ಲ ಹೊರಟಿತು. ಒತ್ತಿದವರ ಬ್ಯಾಂಕ್ ಖಾತೆ ಬಳಿಯುವ ಕಳ್ಳ ಆ್ಯಪ್ ಅದೆಂದು ಆಗ ಹೊಳೆಯಿತು.

ಮೊದಲು ನೆನಪಾದವಳು ಗಬ್ಬೂರಿನ ಸೋದರತ್ತೆ ಶರಣಮ್ಮ. ಎಮ್ಮೆಯ ಹಾಲು ಮಾರಿ ಮಗಳ ನರ್ಸಿಂಗ್ ಫೀಸಿಗೆಂದು ಕೂಡಿಸಿದ್ದೆಲ್ಲ ಆಕೆಯ ಫೋನಿಗೆ ಜೋಡಿಸಿದ ಖಾತೆಯಲ್ಲಿತ್ತು. ಅವ್ವನ ಫೋನಿನಿಂದ ಕರೆ ಮಾಡಿದೆ.

"ಅತ್ತೀ, ನನ್ನ ಹೆಸರಿಲೆ ಬಂದ ಪತ್ರಿಕಿ ಒತ್ತಬ್ಯಾಡ. ಕಳ್ಳರದು ಅದು."

"ಇವತ್ತ ಯಾರ ದನಿ ಮಾಡಾಕತ್ತೀಯಲೇ? ಹೋದ ಸಲ ಬ್ಯಾಂಕ್ ಮ್ಯಾನೇಜರ್ ಆಗಿದ್ದಿ."

"ಇದು ನಂದೇ ದನಿ ಅತ್ತಿ."

"ನಿಂದು ಹೆಂಗಿರ್ತದ ಅಂತ ಯಾರಿಗೆ ಗೊತ್ತದ?" ಎಂದು ನಕ್ಕು ಫೋನಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಉಳಿದ ಬಂಧುಗಳಿಗೆ ತಿಳಿಸಲು ಅವ್ವನಿಗೆ ಹೇಳಿ, ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಡಕ್ಟರನ ದನಿ ಕಿವಿಗೆ ಬಿದ್ದರೂ ಅಣಕಿಸುವ ಮನಸ್ಸಾಗಲಿಲ್ಲ, ನನಗೇ ಆಶ್ಚರ್ಯ. ಗಬ್ಬೂರಿನಲ್ಲಿ ಅತ್ತೆ ಎಮ್ಮೆಗೆ ಮೇವು ಹಾಕುತ್ತಿದ್ದಳು. ಫೋನು ಗೋಡೆಯ ಗೂಡಿನಲ್ಲಿತ್ತು, ಪತ್ರಿಕೆ ಒತ್ತದೆ ಹಾಗೇ ಇತ್ತು.

"ನನ್ನ ಮಾತು ನಂಬಿದ್ಯೇನ ಅತ್ತಿ?"

"ನಿನ್ನ ಮಾತು ಯಾರು ನಂಬ್ತಾರ? ಅರಿಷಿಣ ಇಲ್ಲ, ಕುಂಕುಮ ಇಲ್ಲ, ಅದೆಂಥಾ ಪತ್ರಿಕಿ. ಕರಿಯೋರು ಮನಿಗಿ ಬಂದು ಕರೀಬೇಕು. ಫೋನಿನ್ಯಾಗ ಕರದ್ರ ಊಟಾನೂ ಫೋನಿನ್ಯಾಗ ಬಡಸ್ತಾರೇನು?"

ವಿಂಡೋಸು, ಲಿನಕ್ಸು, ಆಂಡ್ರಾಯ್ಡುಗಳ ಕೋಟೆಕೊತ್ತಲಗಳನ್ನೆಲ್ಲ ಮೀರಿದ ಆ ಬಿಗುಮಾನಕ್ಕೆ ಮನಸ್ಸಿನಲ್ಲೇ ಕೈಮುಗಿದು, ಪತ್ರಿಕೆಯನ್ನು ಅಳಿಸಿದೆ. ಅತ್ತೆ ಬಿಸಿರೊಟ್ಟಿ ಹಾಕಿದಳು.

"ಮನಿತನಕ ಬಂದು ಕರದಂಗಾತು. ಈಗರ ಹೇಳು, ಲಗ್ನ ಯಾರದು?"

ಹೊರಡುವಾಗ ಆಕೆ ಅರಿಷಿಣದಲ್ಲಿ ಬೆರಳದ್ದಿ ನನ್ನ ಫೋನಿನ ನಾಲ್ಕು ಮೂಲೆಗೂ ಹಚ್ಚಿದಳು. ಆಮೇಲೆ ಫೋನಿನ ಒಳಗಿನದನ್ನೆಲ್ಲ ತೊಳೆದು ಹೊಸದು ಮಾಡಿದ್ದೇನೆ. ಹೊರಗಿನ ಹಳದಿಯನ್ನು ಮಾತ್ರ ಒರೆಸಿಲ್ಲ. ಏನನ್ನಾದರೂ ಒತ್ತಲು ಹೋದಾಗ ಅದು ಕಾಣುತ್ತದೆ, ಬೆರಳು ತಡೆದು ನಿಲ್ಲುತ್ತದೆ.