ಬೆಳ್ಳಗಾದ ಗುಡ್ಡ

ಚಿತ್ರಕಲಾ ಪದವಿಯ ಕೊನೆಯ ಪರೀಕ್ಷೆಗೆ ನಾನು ಬರೆದದ್ದು ಬಿರುಗಾಳಿಯ ಚಿತ್ರ. ಅದರಲ್ಲಿ ಬಾಗಿದ ಮರವಾಗಲಿ, ಹಾರುವ ಸೆರಗಾಗಲಿ ಇರಲಿಲ್ಲ. ಕಾಫಿ ಎಸ್ಟೇಟಿನ ಗುಡ್ಡದ ತುಂಬ ಕಾಳುಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳು ಬೆಳ್ಳಗಾಗಿದ್ದವು, ಅವಕ್ಕೆ ಏಣಿಗಳು ಒರಗಿದ್ದವು, ಅಷ್ಟೆ.

"ಗಾಳಿ ಎಲ್ರೀ ಇದ್ರಲ್ಲಿ?" ಎಂದರು ಪರೀಕ್ಷಕರು.

"ಜೋರು ಗಾಳಿಗೆ ಎಲೆ ಮಗುಚಿ ಅಡಿಭಾಗ ಬೆಳ್ಳಗೆ ಕಾಣ್ತದೆ ಸರ್. ಅದು ಕಂಡ ಕೂಡ್ಲೆ ಮೆಣಸು ಕೊಯ್ಯೋರು ಏಣಿ ಇಳೀಬೇಕು. ನಮ್ಮಪ್ಪ ಇಳಿಯೋದು ತಡ ಆಯ್ತು."

ಅವರು ಅಂಕ ಬರೆದುಕೊಂಡು ಮುಂದಿನ ಚಿತ್ರಕ್ಕೆ ಹೋದರು. ಪಾಸಾದೆ. ನಮ್ಮ ಮನೆತನದಲ್ಲೇ ಮೊದಲ ಪದವಿ ಅದು. ಆದರೂ ಕನಿಕರಕ್ಕೆ ಪಾಸು ಮಾಡಿದರೇನೋ ಎಂಬ ಅನುಮಾನ ಕೊರೆಯುತ್ತಿತ್ತು.

ಕೊಟ್ಟಿಗೆಹಾರದ ಮನೆಗೆ ಬಂದು, ಏನೂ ಹೇಳದೆ ಚಿತ್ರವನ್ನು ಗೋಡೆಗೆ ಒರಗಿಸಿದೆ. ಅವ್ವ ಹತ್ತಿರ ಬಂದು ಒಂದೊಂದೇ ಏಣಿ ನೋಡಿದಳು.

"ಏಣಿ ಮೇಲೆ ಯಾರೂ ಇಲ್ವಲ್ಲ?"

"ಇಲ್ಲ ಅವ್ವ. ಎಲ್ಲ ಇಳ್ದಿದಾರೆ."