ಕಾಲುಪೇಟಿಗೆ ಕಾಯಿ ಒಡೆದದ್ದು

ಮನುಷ್ಯನ ಆಸೆಗೆ ಕೊನೆಯಿಲ್ಲ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಮನೆಗಳನ್ನು ಮುರಿದದ್ದು ಅದೇ, ರಾಜ್ಯಗಳನ್ನು ಕೆಡವಿದ್ದೂ ಅದೇ ಎಂದು ಮಠದ ಕಟ್ಟೆಯ ಮೇಲೆ ಕುಳಿತವರು ಹೇಳಿದಾಗ ನಾನೂ ಎಷ್ಟೋ ಸಲ ತಲೆಯಾಡಿಸಿದ್ದೇನೆ. ಆದರೆ ನನ್ನ ಮಟ್ಟಿಗೆ ಈ ಮಾತು ಸುಳ್ಳು. ನನ್ನ ಆಸೆಗೆ ಸ್ಪಷ್ಟವಾದ ಕೊನೆಯಿತ್ತು. ಅದು ಯಾವಾಗಲೂ ಇನ್ನೊಂದೇ ಒಂದು ಪೇಟಿಯಷ್ಟು ದೂರದಲ್ಲಿತ್ತು.

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಡೆ ಅದನ್ನು ಹಾರ್ಮೋನಿಯಂ ಎಂದು ಕರೆಯುವವರು ಬಾರಿಸಲು ಬಾರದವರು. ನಾನಾಗ ಸಿಂಧನೂರಿನಲ್ಲಿ ಹಗಲು ಪ್ರಾಥಮಿಕ ಶಾಲೆಯ ಮಾಸ್ತರ, ಸಂಜೆ ಓಣಿಯ ಭಜನಾ ಮಂಡಳಿಯ ಪೇಟಿ ಮಾಸ್ತರ. ಎರಡರಲ್ಲಿ ಯಾವುದಕ್ಕೆ ಪಗಾರ ಬರುತ್ತದೆ ಎಂಬುದನ್ನು ನೆನಪಿಡುವ ಕೆಲಸ ನನ್ನ ಹೆಂಡತಿಯದಾಗಿತ್ತು.

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳದ ಹೊಲಗಳೆಲ್ಲ ಗದ್ದೆಯಾಗಿದ್ದವು. ನೆಲ್ಲು ಮಾರಿದ ಜನ ಬೇಕಾದದ್ದನ್ನೂ ಕೊಳ್ಳುತ್ತಿದ್ದರು, ಬೇಡವಾದದ್ದನ್ನೂ ಕೊಳ್ಳುತ್ತಿದ್ದರು. ನನಗೆ ಗೇಣು ಗದ್ದೆಯೂ ಇರಲಿಲ್ಲ. ಆದರೆ ಗಾಳಿ ಎಲ್ಲರಿಗೂ ಒಂದೇ ಬೀಸುತ್ತದೆಯಲ್ಲ.

ಮೊದಲ ಪೇಟಿಯನ್ನು ಶಾಲೆಯ ಪ್ರಾರ್ಥನೆಗೆ ಎಂಬ ನೆವದಿಂದ ಕೊಂಡೆ. ಎರಡನೆಯದಕ್ಕೆ ನೆವ ಬೇಕಾಗಲಿಲ್ಲ, ಶಾಸ್ತ್ರವೇ ಇತ್ತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಒಯ್ಯುವ ತನಕ ಮನೆಯ ಮುಂದೆ ಭಜನೆ ಆಗಬೇಕು. ಅದಕ್ಕೆ ಪೇಟಿ ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಹಾಗೆ ಹೋಗಿ ಬಂದ ಪೇಟಿಯನ್ನು ನಮ್ಮ ಅವ್ವ ಮೂರು ದಿನ ಹೊಸ್ತಿಲು ದಾಟಿಸುತ್ತಿರಲಿಲ್ಲ. ಅದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕುಳಿತು ಮೈಲಿಗೆ ಕಳೆಯುತ್ತಿತ್ತು.

"ನಡುವ ಒಂದು ಲಗ್ನ ಬಂತಂದ್ರ ಏನು ಮಾಡೂದು?" ಎಂದು ನಾನು ಒಂದು ದಿನ ಊಟಕ್ಕೆ ಕುಳಿತಾಗ ಪ್ರಶ್ನೆ ಎತ್ತಿದೆ.

"ಲಗ್ನಕ್ಕ ನಿಮ್ಮನ್ನ ಯಾರು ಕರದಾರ್ರಿ?" ಎಂದಳು ಹೆಂಡತಿ.

ಪ್ರಶ್ನೆಗೆ ಪ್ರಶ್ನೆ ಉತ್ತರವಲ್ಲ. ಶುಭಕ್ಕೊಂದು, ಅಶುಭಕ್ಕೊಂದು ಎಂದು ಪೇಟಿಗಳು ಎರಡಾದವು. ಆಮೇಲೆ ಗೊರೇಬಾಳದ ಭಜನೆಯವರ ಪರಿಚಯವಾಯಿತು. ಅವರ ಮುಂದಾಳು ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಗಂಟಲು ಬೆಳೆಸಿದ ಮನುಷ್ಯ. ಅವನ ಏರು ಸ್ವರಕ್ಕೆ ನನ್ನ ಎರಡೂ ಪೇಟಿಗಳು ಕೆಮ್ಮತೊಡಗಿದವು. ಮೂರನೆಯದು ಬಂತು. ಒಂದು ಮಾಡದಲ್ಲಿ, ಒಂದು ಕೊಟ್ಟಿಗೆಯಲ್ಲಿ, ಒಂದು ಹೊರಸಿನ ಕೆಳಗೆ. ಹೆಂಡತಿ ಮೂರರ ಮೇಲೂ ಸಂಡಿಗೆ ಒಣಹಾಕಿ, ಅವು ಮನೆಗೆ ಉಪಯೋಗವಾಗುವಂತೆ ನೋಡಿಕೊಂಡಳು.

ಈ ಎಲ್ಲ ಅನಾಹುತಗಳ ಹಿಂದೆ ಒಬ್ಬ ನೀರಗಂಟಿ ಇದ್ದ. ತೂಬು ತೆರೆದು ಮುಚ್ಚುತ್ತ, ದಿನವೂ ಕಾಲುವೆಯ ಏರಿಯ ಮೇಲೆ ನಡೆಯುವುದು ಅವನ ನೌಕರಿ. ನಮ್ಮ ಮಂಡಳಿಯಲ್ಲಿ ತಾಳ ಹಾಕುವುದು ಅವನ ಸೇವೆ. ಯಾವ ಊರಿನ ಗದ್ದೆಗೆ ಎಷ್ಟು ನೀರು ಹೋಯಿತು ಎಂಬುದನ್ನು ಅವನು ಮರೆಯಬಹುದು, ಯಾವ ಊರಿನ ಯಾವ ಮನೆಯಲ್ಲಿ ಯಾವ ವಾದ್ಯ ಮೂಲೆಗೆ ಬಿದ್ದಿದೆ ಎಂಬುದನ್ನು ಮರೆಯುತ್ತಿರಲಿಲ್ಲ.

ಆ ವರ್ಷ ಆಷಾಢ ಮುಗಿಯುತ್ತ ಬಂದಾಗ ಅವನು ಶಾಲೆಯ ಕಿಟಕಿಯ ಹತ್ತಿರ ಬಂದು ನಿಂತ.

"ಮಾಸ್ತರ್ರ, ಮಸ್ಕ್ಯಾಗ ಒಂದು ನಾಟಕ ಕಂಪನಿ ಮುರದೈತ್ರಿ."

"ಪಾಪ," ಎಂದೆ.

"ಕಾಲುಪೇಟಿ ಒಂದು ಉಳದೈತ್ರಿ."

ಇದಕ್ಕೆ ಪಾಪ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಲ್ಕು ಕಾಲಿನ ಮೇಲೆ ನಿಂತು, ಕೆಳಗೆ ಎರಡು ಪಾವಟಿಗೆಗಳಿದ್ದು, ಅವನ್ನು ಕಾಲಿನಿಂದ ತುಳಿದು ಗಾಳಿ ತುಂಬುವ ಪೇಟಿ ಅದು. ಕೈಪೇಟಿಯಲ್ಲಿ ಒಂದು ಕೈ ಗಾಳಿ ಹಾಕುವ ಕೂಲಿ ಮಾಡಬೇಕು. ಕಾಲುಪೇಟಿಯಲ್ಲಿ ಎರಡೂ ಕೈಗಳು ದೊರೆಗಳು.

ಆದರೆ ಆ ವಾರವೇ ಮನೆಯಲ್ಲಿ ಬೇರೆ ಖರೀದಿ ನಿಶ್ಚಯವಾಗಿತ್ತು. ಹೆಂಡತಿ ಓಣಿಯ ಹೆಣ್ಣುಮಕ್ಕಳಿಗೆ ಕೈಯಿಂದಲೇ ಕುಬಸ ಹೊಲಿದು ಕೊಡುತ್ತಿದ್ದಳು. ನಾಗರ ಪಂಚಮಿ ಹತ್ತಿರ ಬಂದಿತ್ತು. ತವರಿಗೆ ಬರುವ ಹೆಣ್ಣುಮಕ್ಕಳಿಗಾಗಿ ಅರ್ಧ ಓಣಿಯ ಕುಬಸದ ಖಣಗಳು ನಮ್ಮ ಮನೆಯಲ್ಲಿ ಗುಡ್ಡೆ ಬಿದ್ದಿದ್ದವು. ಅವಳು ಎಲ್ಲರಿಗೂ "ಪಂಚಮಿಗೆ ತೊಟ್ಕೊಂಡು ಜೋಕಾಲಿ ಆಡ್ರವ್ವಾ" ಎಂದು ಮಾತು ಕೊಟ್ಟುಬಿಟ್ಟಿದ್ದಳು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಜರಡಿಯಾಗಿತ್ತು. ಲಿಂಗಸುಗೂರಿನ ಒಬ್ಬ ದರ್ಜಿ ತನ್ನ ಹಳೆಯ ಹೊಲಿಗೆ ಮಶೀನು ಮಾರುವವನಿದ್ದ. ತಾನು ಕೂಡಿಟ್ಟ ರೊಕ್ಕಕ್ಕೆ ನನ್ನ ಪಗಾರದಿಂದಲೂ ಸೇರಿಸಿ ಅವಳೇ ನನ್ನ ಒಳಜೇಬಿಗೆ ತುರುಕಿ, ಮೇಲೆ ಪಿನ್ನು ಹಾಕಿದಳು.

"ಸೀದಾ ಲಿಂಗಸ್ಗೂರಿಗೆ ಹೋಗ್ರಿ. ನಡುವ ಎಲ್ಲೂ ಇಳಿಬ್ಯಾಡ್ರಿ."

"ನಡುವ ಏನೈತಿ?" ಎಂದೆ.

ನಡುವೆ ಮಸ್ಕಿ ಇತ್ತು.

ಬಸ್ಸು ಮಸ್ಕಿಯಲ್ಲಿ ಚಹಾಕ್ಕೆ ನಿಂತಿತು. ಚಹಾ ಕುಡಿಯುವುದು ಪಾಪವಲ್ಲ. ಚಹಾದಂಗಡಿಯ ಎದುರಿನ ಚಪ್ಪರದ ಕೆಳಗೆ ನಾಟಕದ ಪರದೆಗಳನ್ನೂ ರಟ್ಟಿನ ಕಿರೀಟಗಳನ್ನೂ ಹರವಿಕೊಂಡು ಕಂಪನಿಯ ಮಾಲಕ ಕುಳಿತದ್ದು ನನ್ನ ತಪ್ಪಲ್ಲ. ಕಾಲುಪೇಟಿಗೆ ಮುಚ್ಚಳವಿರಲಿಲ್ಲ. ಅದರ ಬೆರಳೊತ್ತುವ ಪಟ್ಟಿಗಳು, ಎಲೆ ಅಡಿಕೆ ಹಾಕುವ ಅಜ್ಜನ ಹಲ್ಲಿನಂತೆ, ನನ್ನನ್ನು ನೋಡಿ ನಗುತ್ತಿದ್ದವು.

"ಬಾರಿಸಿ ನೋಡ್ರೀ ಸಾಹೇಬ್ರ. ನೋಡಾಕ ರೊಕ್ಕ ಇಲ್ಲ," ಎಂದ ಮಾಲಕ.

ಕುಳಿತೆ. ತುಳಿದೆ. ಎರಡೂ ಕೈ ಇಟ್ಟೆ. ಎದೆಯೊಳಗೆ ಯಾರೋ ತೂಬು ಎತ್ತಿದಂತಾಯಿತು. ಲಿಂಗಸುಗೂರಿನ ಬಸ್ಸು ಎರಡು ಸಲ ಹಾರ್ನು ಹೊಡೆಯಿತು. ಆ ಹಾರ್ನು ಪಂಚಮದಲ್ಲಿದೆ ಎಂದು ಗುರುತಿಸಿ, ನಾನದನ್ನು ಪೇಟಿಯ ಮೇಲೆ ತಿರುಗಿ ಬಾರಿಸಿದೆ. ಬಸ್ಸು ಹೋಯಿತು.

ಪಿನ್ನು ಬಿಚ್ಚುವಾಗ ಬೆರಳಿಗೆ ಚುಚ್ಚಿತು. ಅದೊಂದೇ ನನಗೆ ಸಿಕ್ಕ ಎಚ್ಚರಿಕೆ.

ಮುಚ್ಚಳವಿಲ್ಲದ್ದರಿಂದ ಮಾಲಕ ಪೇಟಿಗೆ ಜಮಖಾನೆ ಹೊದಿಸಿ, ಹಗ್ಗದಿಂದ ಬಿಗಿದು ಕೊಟ್ಟ. ಕೆಳಗೆ ನಾಲ್ಕು ಕಾಲು, ಎರಡು ಪಾವಟಿಗೆ ಮಾತ್ರ ಕಾಣುತ್ತಿದ್ದವು. ಸಿಂಧನೂರಿನ ಬಸ್ಸಿನ ಟಪ್ಪಿನ ಮೇಲೆ ಏರಿಸುವಾಗ ಕಂಡಕ್ಟರ ಕೇಳಿದ: "ಹೊಲಿಗಿ ಮಶೀನೇನ್ರಿ ಮಾಸ್ತರ್ರ? ಭಾಳ ಛಲೋ ಆತು ಬಿಡ್ರಿ, ಅಕ್ಕಾರಿಗೆ ಆಸರ ಆಕ್ಕೈತಿ."

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೆಮ್ಮಿದೆ. ನನ್ನ ಜೀವನದ ಅತಿ ದೊಡ್ಡ ಸುಳ್ಳನ್ನು ನಾನು ಕೆಮ್ಮಿಯೇ ಹೇಳಿದ್ದು.

ಮನೆಗೆ ಹೋಗಿ ಹೆಂಡತಿಯನ್ನು ಒಳಗೆ ಕರೆದು, ನಿಧಾನವಾಗಿ, ವಿವರವಾಗಿ, ಕಲೆಯ ಮಹತ್ವದಿಂದ ಆರಂಭಿಸಿ ಎಲ್ಲ ಹೇಳುವುದೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಬಸ್ ಸ್ಟ್ಯಾಂಡಿನಿಂದ ತಳ್ಳುಗಾಡಿಯಲ್ಲಿ ಪೇಟಿ ಓಣಿಯ ಬಾಯಿಗೆ ಬರುವಷ್ಟರಲ್ಲಿ ಸುದ್ದಿ ಮುಂದೆ ಹೋಗಿತ್ತು. ಖಣ ಕೊಟ್ಟವರೆಲ್ಲ ನಮ್ಮ ಬಾಗಿಲಲ್ಲಿದ್ದರು. ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಪಕ್ಕದ ಮನೆಯ ಮುದುಕಿ ಅದರೊಳಗೆ ಸಕ್ಕರೆ ಹಾಕಿದಳು.

"ಅವ್ವಾ, ಮೊದಲ ಹಗ್ಗ ಬಿಚ್ಚತೀನಿ," ಎಂದೆ ಸಕ್ಕರೆ ನುಂಗಿ.

"ಮುಟ್ಟಬ್ಯಾಡ! ಹೊಸ ಸೊಸಿ ಸೆರಗ ಬಾಗಿಲದಾಗ ಸರಸ್ತಾರೇನು? ಮೊದಲ ಪೂಜಿ ಆಗ್ಲಿ."

ಜಮಖಾನೆಯ ಮೇಲೆ ವಿಭೂತಿ ಬಳಿದರು, ಅರಿಶಿನ ಕುಂಕುಮ ಏರಿಸಿದರು, ಹೂ ಸುತ್ತಿದರು. ಕಾಯಿ ಒಡೆದರು. ಕಾಯಿಹೋಳು, ಬಾಳೆಹಣ್ಣು ತುಂಬಿದ ಹಿತ್ತಾಳೆಯ ತಟ್ಟೆಯನ್ನು ಅವ್ವ ಸೀದಾ ಪೇಟಿಯ ನೆತ್ತಿಯ ಮೇಲೆ ಇಟ್ಟಳು. ಮುಚ್ಚಳವಿಲ್ಲದ ಪಟ್ಟಿಗಳು ಜಮಖಾನೆಯ ಕೆಳಗೆ ಒಮ್ಮೆಗೇ ಅದುಮಿಕೊಂಡವು. ಇದು ನನಗೊಬ್ಬನಿಗೇ ತಿಳಿಯಿತು.

"ಕುಂದರವ್ವಾ, ಬಲಗಾಲಿಟ್ಟು ತುಳಿ," ಎಂದಳು ಅವ್ವ ಸೊಸೆಗೆ.

ಹೆಂಡತಿ ಮುಕ್ಕಾಲಿಯ ಮೇಲೆ ಕುಳಿತು, ನಮಸ್ಕಾರ ಮಾಡಿ, ಬಲಗಾಲಿಟ್ಟು ತುಳಿದಳು.

ಆ ನಾದವನ್ನು ನಾನು ಹೇಗೆ ವರ್ಣಿಸಲಿ? ಏಳು ಸ್ವರಗಳೂ ಒಂದೇ ಬಾಗಿಲಿನಿಂದ ಹೊರಗೆ ಬರಲು ನೂಕಾಡಿದಂತಿತ್ತು. ಕೋಳಿಗಳು ಮಾಳಿಗೆ ಏರಿದವು. ಕೊಟ್ಟಿಗೆಯಿಂದ ಎಮ್ಮೆ ಉತ್ತರ ಕೊಟ್ಟಿತು. ಪೇಟಿಗಳ ಸಹವಾಸದಲ್ಲಿ ಅದಕ್ಕೆ ಅಷ್ಟು ತಿಳಿವಳಿಕೆ ಬಂದಿತ್ತು.

"ಯವ್ವಾ! ಮಶೀನು ಅಳಾಕತ್ತೈತಿ!" ಎಂದು ಸಕ್ಕರೆ ಹಾಕಿದ ಮುದುಕಿ ಅಂಗಳ ದಾಟಿದಳು.

ಹೆಂಡತಿ ಮಾತ್ರ ಎದ್ದೇಳಲಿಲ್ಲ. ಇನ್ನೂ ನಾಲ್ಕು ಸಲ ತುಳಿದು, ನಾದ ಕಡಿಮೆಯಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ತಟ್ಟೆ ಕೆಳಗಿಟ್ಟು ಜಮಖಾನೆಯ ಅಂಚು ಎತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದಳು: "ದಾರ ಎಲ್ಲಿ ಹಾಕಬೇಕ್ರಿ ಇದಕ್ಕ?"

ಓಣಿ ನಕ್ಕಿತು. ಹೆಂಗಸರು ಒಬ್ಬರ ಭುಜಕ್ಕೊಬ್ಬರು ಒರಗಿ ನಕ್ಕರು. ಯಾರೋ "ಮಾಸ್ತರ್ರ, ನನ್ನ ಕುಬಸಕ್ಕ ಒಂದು ಭೈರವಿ ಹಾಕ್ರಿ!" ಎಂದರು. ನಾನೂ ನಕ್ಕೆ. ಹೆಂಡತಿ ನಗುತ್ತಿಲ್ಲವೆಂದು ಕಂಡಾಗ ಬಾಯಿ ಮುಚ್ಚಿದೆ. ಅವಳು ಖಣದ ಗುಡ್ಡೆಯನ್ನು ತಂದು ಪೇಟಿಯ ಮೇಲೆ ಇಟ್ಟು, ಸೂಜಿಗೆ ದಾರ ಪೋಣಿಸಿ ಕುಳಿತಳು.

"ನಾ ಇವ್ರಿಗೆಲ್ಲ ಮಾತು ಕೊಟ್ಟೀನ್ರಿ," ಎಂದಳು, ಎಲ್ಲರೂ ಹೋದ ಮೇಲೆ. "ಪಂಚಮಿಗೆ ಇನ್ನ ಎಂಟು ದಿನ ಅದಾವು. ಇದು ಹೊಲಿಗಿ ಮಶೀನ್ ಆಗಬೇಕು. ಹ್ಯಾಂಗ ಆಕ್ಕೈತೋ ನಂಗ ಗೊತ್ತಿಲ್ಲ."

ಮರುದಿನ ಮಸ್ಕಿಗೆ ಹೋದೆ. ಮಾಲಕ ಇರಲಿಲ್ಲ, ಪರದೆಗಳೂ ಇರಲಿಲ್ಲ. ಒಂದು ರಟ್ಟಿನ ಕಿರೀಟವನ್ನು ಚಹಾದಂಗಡಿಯವನು ಬಾಳೆಹಣ್ಣಿನ ಗೊನೆಗೆ ತೊಡಿಸಿದ್ದ. ಲಿಂಗಸುಗೂರಿಗೆ ಹೋಗಲು ಒಳಜೇಬಿನಲ್ಲಿ ಪಿನ್ನು ಮಾತ್ರ ಉಳಿದಿತ್ತು. ಹಿಂದಿರುಗಿ, ನೀರಗಂಟಿಯನ್ನು ಕಾಲುವೆಯ ಏರಿಯ ಮೇಲೆ ಹಿಡಿದೆ.

"ನಿನ್ನ ಮಾತು ಕೇಳಿ ನನ್ನ ಮನಿ ಮುರದೈತಿ."

"ಪಾಪ," ಎಂದ ಅವನು. ಸ್ವಲ್ಪ ದೂರ ನಡೆದು ನಿಂತ. "ಮುಕ್ಕುಂದದಾಗ ಒಬ್ಬ ರೈತ ಅದಾನ್ರಿ. ಶ್ರಾವಣಕ್ಕ ಊರಾಗ ಭಜನಿ ಸುರು ಮಾಡಬೇಕಂತ. ಪೇಟಿ ಪೇಟಿ ಅಂತ ಹುಚ್ಚ ಹಿಡದೈತಿ. ಅವನ ಮನ್ಯಾಗ ಹೊಲಿಗಿ ಮಶೀನ್ ಐತಿ. ಹೊಲಿಯೋರು ಯಾರೂ ಇಲ್ಲ."

ಪೇಟಿಯನ್ನು ಮುಕ್ಕುಂದಕ್ಕೆ ಒಯ್ಯಲು ಬಂಡಿ ಬಂದ ದಿನ ಅವ್ವ ಅಡ್ಡ ನಿಂತಳು. ಕಾಯಿ ಒಡೆದು ಮನೆ ತುಂಬಿಸಿಕೊಂಡದ್ದನ್ನು ಬರಿಗೈಯಲ್ಲಿ ಕಳಿಸಿದರೆ ಲಕ್ಷ್ಮಿಯೂ ಅದರ ಸಂಗಡ ಬಂಡಿ ಹತ್ತುತ್ತಾಳೆ ಎಂಬುದು ಅವಳ ವಾದ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಂತೆ ಉಡಿ ತುಂಬಿಯೇ ಕಳಿಸಬೇಕಾಯಿತು. ಅಕ್ಕಿ, ಕೊಬ್ಬರಿ, ಒಂದು ಖಣ ಗಂಟು ಕಟ್ಟಿ ಪೇಟಿಯ ಮುಂಗಾಲಿಗೆ ಬಿಗಿದರು. ಖಣ ಕೊಟ್ಟದ್ದು ಹೆಂಡತಿ. "ಗಂಡನ ಮನ್ಯಾಗ ಚಂದಂಗ ಬಾಳು. ತಿರುಗಿ ಬರಬ್ಯಾಡ," ಎಂದು ಪೇಟಿಯ ಬೆನ್ನು ತಟ್ಟಿದಳು. ಅಷ್ಟು ದಿನಗಳಲ್ಲಿ ಆಗ ಮೊದಲ ಸಲ ನಕ್ಕಳು.

ಮುಕ್ಕುಂದದ ರೈತನನ್ನು ಕಂಡ ಕೂಡಲೇ ಇವನು ನಮ್ಮ ಜಾತಿಯವನೆಂದು ತಿಳಿಯಿತು. ಕೊಳ್ಳುವ ಜಾತಿ. ಎರಡು ಬೆಳೆ ನೆಲ್ಲು ಮಾರಿ ಅವನು ಗೋಡೆ ಗಡಿಯಾರ, ರೇಡಿಯೋ, ಗ್ಯಾಸ್ ಬತ್ತಿ ತಂದು ಸಾಲಾಗಿ ಇಟ್ಟಿದ್ದ. ಮಶೀನು ಪಡಸಾಲೆಯಲ್ಲಿತ್ತು.

"ಬಾಜು ಕ್ಯಾಂಪಿನ್ಯಾಗ ಆಂಧ್ರದಿಂದ ಬಂದವ್ರು ತಂದಾರಂತ ನಾನೂ ತಂದೆ," ಎಂದ. "ನಮ್ಮ ಮನ್ಯಾಗ ಸೂಜ್ಯಾಗ ದಾರ ಹಾಕಾಕೂ ಯಾರಿಗೂ ಬರಂಗಿಲ್ರಿ."

"ಒಯ್ಯಿರಿ ಮಾಸ್ತರ್ರ, ಪುಣ್ಯ ಬರ್ತೈತಿ," ಎಂದಳು ಅವನ ಹೆಂಡತಿ ಒಳಗಿನಿಂದ. "ಅದರ ಮ್ಯಾಲೆ ನನ್ನ ಕೋಳಿ ತತ್ತಿ ಇಡಾಕತ್ಯಾವ."

ಪೇಟಿಗೆ ಮಶೀನು, ಮಶೀನಿಗೆ ಪೇಟಿ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರೈತ, "ಒಂದೀಟು ಬಾರಿಸಿ ತೋರಸ್ರಿ," ಎಂದ.

ಒಂದಿಷ್ಟು ಎಂದರೆ ಎಷ್ಟು ಎಂದು ಅವನು ಹೇಳಲಿಲ್ಲ. ಊರಿನವರು ಬಂದು ಕುಳಿತರು. ನಾಟಿ ಮಾಡಿ ಬಂದವರು ಕೆಸರುಗಾಲಲ್ಲೇ ತಾಳ ಹಿಡಿದರು. ನಾನು ಒಂದು ಮುಗಿಸಿ ಇನ್ನೊಂದು, ಅದು ಮುಗಿಸಿ ಮತ್ತೊಂದು ಬಾರಿಸಿದೆ. ಎರಡೂ ಕೈ ಓಡುತ್ತಿದ್ದವು, ಎರಡೂ ಕಾಲು ಓಡುತ್ತಿದ್ದವು, ನಾನು ಮಾತ್ರ ಕುಳಿತಲ್ಲೇ ಇದ್ದೆ. ಇಂಥದ್ದನ್ನು ಕೊಟ್ಟು, ತತ್ತಿಯ ಕಲೆ ಬಿದ್ದ ಕಬ್ಬಿಣವನ್ನು ಒಯ್ಯುವವನು ಮನುಷ್ಯನೇ ಎನಿಸಿತು. ರೈತನ ಕಿವಿಯಲ್ಲಿ, "ಕೈಪೇಟಿ ಒಂದು ಕೊಡತೀನಿ. ಇದನ್ನ ನನಗ ಬಿಡ್ರಿ," ಎಂದೆ.

"ಉಡಿ ತುಂಬಿ ಕೊಟ್ಟ ಮಗಳ್ನ ತಿರುಗಿ ಕೇಳ್ತಾರೇನ್ರಿ ಮಾಸ್ತರ್ರ?" ಎಂದ ಅವನು, ಪೇಟಿಯ ಕಾಲಿಗೆ ಕಟ್ಟಿದ್ದ ಗಂಟನ್ನು ಎಲ್ಲರಿಗೂ ತೋರಿಸಿ. "ಈಕಿ ನಮ್ಮ ಮನಿ ಸೊಸಿ."

ಸಭೆ ಹೌದೆಂದಿತು. ಆ ಗಂಟಿನ ಖಣ ಕೊಟ್ಟದ್ದು ಯಾರೆಂದು ನೆನೆದು ನಾನು ಪಾವಟಿಗೆಯಿಂದ ಕಾಲು ತೆಗೆದೆ. ಅಷ್ಟರಲ್ಲಿ ನನ್ನ ಸಂಗಡ ಬಂದಿದ್ದ ನೀರಗಂಟಿ ಮಶೀನನ್ನು ಬಂಡಿಗೆ ಏರಿಸಿ ಹಗ್ಗ ಬಿಗಿದಿದ್ದ.

"ಏಳ್ರಿ ಮಾಸ್ತರ್ರ. ಎತ್ತು ಹೊಂಟಾವು."

ನನ್ನ ಮುಖ ನೋಡಿ ರೈತನಿಗೆ ಕರುಣೆ ಬಂತು. ಒಳಗಿನಿಂದ ಒಂದು ಡಗ್ಗಾ ತಂದು ಮಡಿಲಿಗಿಟ್ಟ. ಎಡಗೈಯಿಂದ ಬಾರಿಸುವ ಆ ದಪ್ಪ ಹೊಟ್ಟೆಯ ವಾದ್ಯ ಒಂದೇ ಇತ್ತು, ಅದರ ಜೋಡಿ ತಬಲಾ ಇರಲಿಲ್ಲ. ದಾರಿಯುದ್ದಕ್ಕೂ ನಾನು ಅದನ್ನು ಬೆರಳಿನಿಂದ ತಟ್ಟುತ್ತ ಬಂದೆ. ಸಿಂಧನೂರು ಕಾಣುವ ಹೊತ್ತಿಗೆ ನೀರಗಂಟಿ ಕೆಮ್ಮಿದ.

"ಗುರುಗುಂಟದಾಗ ಒಂದು ಒಂಟಿ ತಬಲಾ ಐತ್ರಿ," ಎಂದ.

ಹೆಂಡತಿ ಮಶೀನಿನ ಮೇಲಿನ ತತ್ತಿಯ ಕಲೆ ತೊಳೆದು, ಎಣ್ಣೆ ಬಿಟ್ಟು, ಅಂದೇ ಹೊಲಿಯಲು ಕುಳಿತಳು. ಅವ್ವ ಇನ್ನೊಂದು ಕಾಯಿ ಒಡೆಯಲು ಒಪ್ಪಲಿಲ್ಲ. ಪಂಚಮಿಯ ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಎಲ್ಲ ಕುಬಸಗಳೂ ಮುಗಿದವು.