ಉದ್ಯಾನದ ಬಿದಿರು ಮಂಟಪ

ಬೈಲಹೊಂಗಲದಲ್ಲಿ ಧಾರವಾಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ತಾಳಲಾರದೆ ಉದ್ಯಾನಕ್ಕೆ ಹೋದೆ. ಬೇಸಿಗೆ ಮುಗಿಯುವತನಕ ಇರಲೆಂದು ಅಲ್ಲೊಂದು ಬಿದಿರಿನ ಮಂಟಪ ಕಟ್ಟಿದ್ದರು. ಒಳಗೆ ಎಷ್ಟು ತಂಪು! ಆದರೆ ಅಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳನ್ನು ಕಾವಲುಗಾರ ಎಬ್ಬಿಸುತ್ತಿದ್ದ.

“ಏಳಬೇ ಯಮ್ಮಾ, ಇದು ನೋಡಾಕಷ್ಟ, ಕುಂದ್ರಾಕಲ್ಲ.”

“ಈ ತಟ್ಟಿ ಹೆಣದಾಕಿ ನಾನ ಅದೇನಿ, ತಮ್ಮಾ. ಹೆಂಗ ಕಾಣತೈತಿ ನೋಡೂಣಂತ ಮುನವಳ್ಳಿಂದ ಬಂದೇನಿ.”

ನನಗೆ ಮೈಯೆಲ್ಲ ಉರಿಯಿತು. “ನೆರಳಿಗಂತ ಕಟ್ಟಿ, ಕುಂದ್ರಬ್ಯಾಡ ಅಂದ್ರ ಹೆಂಗ್ರಿ?” ಎಂದು ಜಗಳಕ್ಕೆ ನಿಂತೆ.

“ಫೋಟೋಕ್ಕ ಅಡ್ಡ ಆಗತೈತಂತ ಸಾಹೇಬ್ರು ಹೇಳ್ಯಾರ್ರಿ,” ಎಂದ ಅವನು.

ಸಾಹೇಬರಿಗೆ ಫೋಟೋ ಬೇಕು, ಮನುಷ್ಯರು ಬೇಡ! ನಾನು ಕೂಗಾಡುತ್ತಿದ್ದಂತೆ ಅಜ್ಜಿ ಎದ್ದಳು. ಹೊರಟವಳು ಕಂಬದ ಬಳಿ ನಿಂತು, ಸಡಿಲಾಗಿದ್ದ ಹಗ್ಗವನ್ನು ಎಳೆದು ಬಿಗಿಯಾಗಿ ಗಂಟು ಹಾಕಿ, ಬಿಸಿಲಿಗಿಳಿದಳು.